ಪಾಪಿರೆಡ್ಡಿಪಟ್ಟಿಯಲ್ಲಿ ಪತ್ತೆಯಾದ ಹತ್ತು ಮಂದಿ

1956ನೇ ಇಸವಿ ಜೂನ್ 11, ಸೋಮವಾರ, ಬೆಳಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ, ಸೇಲಂನ ಮಗ್ಗ ಗಣತಿ ಕಚೇರಿಯಲ್ಲಿ ಅಮೆರಿಕದ ಹತ್ತು ಮಂದಿ ಬೇಸ್‌ಬಾಲ್ ಆಟಗಾರರ ಮೇಲೆ ಸರ್ಕಾರದ ಸೀಲು ಬಿತ್ತು. ನಂಬರು 412.

ಸೀಲು ಒತ್ತಿದವನು ಅಟೆಂಡರ್ ಮಾರಿಯಪ್ಪ. ಅವನ ತಪ್ಪೇನೂ ಇರಲಿಲ್ಲ. ಟಪಾಲು ಮೇಜಿನ ಮೇಲಿರುವ ಪ್ರತಿಯೊಂದು ಕಾಗದಕ್ಕೂ ಸೀಲು ಹಾಕಿ ನಂಬರು ಒತ್ತಬೇಕೆಂದು ಹತ್ತೊಂಬತ್ತು ವರ್ಷಗಳ ಹಿಂದೆ ಬೇರೊಂದು ಕಚೇರಿಯಲ್ಲಿ ಅವನಿಗೆ ಅಪ್ಪಣೆಯಾಗಿತ್ತು. ಆ ಅಪ್ಪಣೆಯನ್ನು ಯಾರೂ ವಾಪಸು ತೆಗೆದುಕೊಂಡಿರಲಿಲ್ಲ. ಹಿಂದಿನ ವರ್ಷ ಸೂಪರಿಂಟೆಂಡೆಂಟರು ಮರೆತು ಇಟ್ಟುಹೋದ ಅವರ ಮಗಳ ಜಾತಕಕ್ಕೂ ಸೀಲು ಹಾಕಿದ್ದ. ಆ ಜಾತಕ ಮೂರು ತಿಂಗಳು ಮೇಜಿನಿಂದ ಮೇಜಿಗೆ ಓಡಾಡಿ, 'ಸದ್ಯಕ್ಕೆ ಯಾವ ಕ್ರಮವೂ ಬೇಕಿಲ್ಲ' ಎಂಬ ಷರಾ ಹೊತ್ತು ಹುಡುಗಿಯ ಮನೆಗೆ ಮರಳಿತ್ತು.

ತಪ್ಪು ಟಪಾಲು ಗುಮಾಸ್ತ ಸೇತುಮಾಧವನದು.

ಸೇತುಮಾಧವನಿಗೆ ಆಗ ಮೂವತ್ತೊಂದು ವರ್ಷ. ಅವನ ಪ್ರೊಬೇಷನ್ ಜೂನ್ 30ಕ್ಕೆ ಮುಗಿಯುವುದಿತ್ತು. ಕಚೇರಿಯಲ್ಲಿದ್ದ ಆರು ಗುಮಾಸ್ತರಲ್ಲಿ ನಾಲ್ವರನ್ನು ಖಾಯಂ ಮಾಡಿ ಇಬ್ಬರನ್ನು ಮನೆಗೆ ಕಳಿಸುತ್ತಾರೆಂದು ಎಲ್ಲರಿಗೂ ಗೊತ್ತಿತ್ತು. ಯಾವ ಇಬ್ಬರು ಎಂಬುದು ಗೊತ್ತಿರಲಿಲ್ಲ. ಹೆಂಡತಿ ರಮಾಮಣಿಗೆ ಏಳು ತಿಂಗಳಾಗಿತ್ತು. ಇಂಥ ಸಮಯದಲ್ಲಿ ಬುದ್ಧಿವಂತನಾದವನು ಬಾಯಿ ಮುಚ್ಚಿಕೊಂಡಿರುತ್ತಾನೆ. ಸೇತುಮಾಧವ ಮುಚ್ಚಿಕೊಳ್ಳಲಿಲ್ಲ.

ಪಕ್ಕದ ಮೇಜಿನ ಕೃಷ್ಣಸ್ವಾಮಿ ದಿನವೂ ಟಿಫಿನ್ ಹೊತ್ತಿನಲ್ಲಿ ಕ್ರಿಕೆಟ್ ಆಟಗಾರರ ಸರಾಸರಿಗಳನ್ನು ಸಹಸ್ರನಾಮದಂತೆ ಒಪ್ಪಿಸುತ್ತಿದ್ದ. ಎರಡು ವರ್ಷ ಕೇಳಿ ಕೇಳಿ ಸಾಕಾಗಿ, ಜೂನ್ 9ರ ಶನಿವಾರ ಸೇತುಮಾಧವ ಇಡ್ಲಿ ಕೆಳಗಿಟ್ಟು ಹೇಳಿಬಿಟ್ಟ:

"ನಾನು ಕ್ರಿಕೆಟ್ ಎಲ್ಲಾ ನೋಡಲ್ಲಪ್ಪ. ನಮ್ದು ಅಮೆರಿಕದ ಬೇಸ್‌ಬಾಲು. ಅಲ್ಲಿಂದಾನೇ ಪೇಪರ್ ಬರುತ್ತೆ ನಂಗೆ."

ಪೇಪರ್ ಬಂದದ್ದು ನಿಜ. ಶೆವಾಪೇಟೆಯ ಅಂಗಡಿಯಿಂದ ಅರ್ಧ ವೀಸೆ ಕಡಲೆಬೇಳೆ ಸುತ್ತಿಕೊಂಡು ಬಂದಿತ್ತು. ಆ ದಿನಗಳಲ್ಲಿ ಪರದೇಶದ ಹಳೆಯ ಪತ್ರಿಕೆಗಳು ಪೊಟ್ಟಣ ಕಟ್ಟಲು ಮೂಟೆಗಟ್ಟಲೆ ಬರುತ್ತಿದ್ದವು. ಈ ಹಾಳೆ 1954ರ ಅಕ್ಟೋಬರಿನದು. ಆ ವರ್ಷದ ಆಟಗಳಲ್ಲಿ ಚೆಂಡನ್ನು ಅತಿ ಹೆಚ್ಚು ಸಲ ಸರಿಯಾಗಿ ಹೊಡೆದ ಹತ್ತು ಮಂದಿಯ ಪಟ್ಟಿ ಅದರಲ್ಲಿತ್ತು. ಅಲ್ಲಿನ ಎರಡು ಲೀಗುಗಳಿಂದ ಐದೈದು ಜನ. ಹತ್ತರಲ್ಲಿ ಒಬ್ಬ ಮೆಕ್ಸಿಕೋದವನು, ಇನ್ನೊಬ್ಬ ಕ್ಯೂಬಾದವನು ಎಂಬುದು ಸೇತುಮಾಧವನಿಗೆ ತಿಳಿಯದು. ಚೆಂಡು ನಿಂಬೆಹಣ್ಣಿನಷ್ಟೋ ತೆಂಗಿನಕಾಯಷ್ಟೋ ಎಂಬುದೂ ತಿಳಿಯದು.

"ಅಂಗಾ? ನಿಮ್ಮೂರಲ್ಲಿ ಫಸ್ಟ್ ಬಂದೋನ ಸರಾಸರಿ ಎಷ್ಟಯ್ಯಾ?" ಎಂದು ಕೃಷ್ಣಸ್ವಾಮಿ ಕೇಳಿದ.

"ಪಾಯಿಂಟ್ ಮೂರು ನಾಲ್ಕು ಐದು."

ಕೃಷ್ಣಸ್ವಾಮಿ ಬೆರಳು ಮಡಿಸಿ ಲೆಕ್ಕ ಹಾಕಿದ. "ನೂರಕ್ಕೆ ಮೂವತ್ನಾಲ್ಕೂವರೆ. ಅಡ ಪಾವಮೇ, ಪಾಪ! ಎಸ್ಸೆಸ್ಸೆಲ್ಸಿಲಿ ಮೂವತ್ತೈದಕ್ಕೆ ಪಾಸು. ದೇಶಕ್ಕೇ ಫಸ್ಟ್ ಬಂದೋನು ಅರ್ಧ ಮಾರ್ಕಲ್ಲಿ ಪೇಲಾ?"

ಕಚೇರಿಯೆಲ್ಲ ನಕ್ಕಿತು. ನೀರು ತರುವ ರಾಜಾತಿಯೂ ನಕ್ಕಳು. ಸೇತುಮಾಧವನ ಕಿವಿ ಬಿಸಿಯಾಯಿತು. "ಸೋಮವಾರ ಬರ್ತೀನಿ. ಹತ್ತೂ ಜನದ ಹೆಸರು, ಅಂಕಿ ಸಮೇತ ಒಪ್ಪಿಸ್ತೀನಿ. ಆಮೇಲೆ ನಗು."

ಭಾನುವಾರ ಕೂತು ಅವನು ಪಟ್ಟಿಯನ್ನು ಅರ್ಧ ಹಾಳೆ ಫುಲ್‌ಸ್ಕೇಪಿಗೆ ಇಳಿಸಿದ. ಹಾಳೆ ಕಚೇರಿಯದು. ಅಕ್ಷರ ಮುತ್ತು, ಅವನಿಗಿದ್ದ ಒಂದೇ ಆಸ್ತಿ ಅದು. ಹತ್ತು ಹೆಸರು, ಪ್ರತಿ ಹೆಸರಿನ ಮುಂದೆ ನಾಲ್ಕು ಅಂಕಣ. ಇದೇನೆಂದು ತನಗೇ ಗೊತ್ತಿರುವಾಗ ತಲೆಬರಹವೇಕೆಂದು ತಲೆಬರಹ ಹಾಕಲಿಲ್ಲ. ಸೋಮವಾರ ಬಾಯಿಪಾಠ ಮಾಡುತ್ತ ಅದನ್ನು ಮೇಜಿನ ಮೇಲಿಟ್ಟು, ಹತ್ತೂಕಾಲಿಗೆ ನೀರು ಕುಡಿಯಲು ಎದ್ದುಹೋದ. ಐದು ನಿಮಿಷದಲ್ಲಿ ಹಿಂದಿರುಗಿದ.

"ಮಾರಿಯಪ್ಪಾ, ಇದು ನಂದು!"

"ಸೀಲ್ ಬಿದ್ದಾಚ್ಚು ಸಾಮಿ. ಇನ್ಮೇಲೆ ಗೌರ್ಮೆಂಟ್ದು."

"ಹರಿದಾಕ್ಬಿಡೋಣ."

"ಅರಿಯೋದಾ?" ಮಾರಿಯಪ್ಪ ಎದೆ ಮುಟ್ಟಿಕೊಂಡ. "ರಿಜಿಸ್ಟ್ರಲ್ಲಿ 411 ಐತೆ, 413 ಐತೆ. ನಡುವಿಂದು ಎಂಗೆ ಅಂತ ಕೇಳಿದ್ರೆ ಜೈಲಲ್ಲಿ ಯಾರು ಕೂರೋದು? ನಾನಾ, ನೀವಾ?"

ಜೈಲು ಎಂಬ ಮಾತು ಸೇತುಮಾಧವನ ಕಿವಿಯೊಳಗೆ ಕೂತಿತು. ಮುಂದಿನ ಹದಿನಾರು ದಿನ ಅದು ಅಲ್ಲಿಂದ ಕದಲಲಿಲ್ಲ.

ನಂಬರು ಬಿದ್ದ ಕಾಗದವನ್ನು ಮುಗಿಸಲು ಒಂದೇ ದಾರಿ: ಸೂಪರಿಂಟೆಂಡೆಂಟ್ ಬದರೀನಾಥರ ಸಹಿ. ಸೇತುಮಾಧವ ಹಾಳೆ ಹಿಡಿದು ಅವರ ಮುಂದೆ ನಿಂತ. ನಿಜ ಹೇಳಿಬಿಡಬೇಕೆಂದು ಬಾಯಿ ತೆರೆದೂ ಆಗಿತ್ತು. ಆದರೆ ಬದರೀನಾಥರು ಹಾಳೆ ನೋಡಿದ ಕೂಡಲೇ ಕನ್ನಡಕ ಏರಿಸಿ, "ಬಂತಾ ಇನ್ನೊಂದು?" ಎಂದರು.

ಅವರು ಹಾಗೆನ್ನಲು ಕಾರಣವಿತ್ತು. ಜಿಲ್ಲೆಯ ಕೈಮಗ್ಗಗಳನ್ನೆಲ್ಲ ಎಣಿಸಿ ಪಟ್ಟಿ ಮಾಡುವುದು ಆ ಕಚೇರಿಯ ಕೆಲಸ. ಪಟ್ಟಿಯಲ್ಲಿರುವ ಮಗ್ಗಕ್ಕೆ ಮಾತ್ರ ಸರ್ಕಾರದ ನೂಲು ಸಿಗುತ್ತಿತ್ತು. ಬಿಟ್ಟುಹೋದ ನೇಕಾರರು ದಿನವೂ ಹೆಸರು ಬರೆದು ಕಳಿಸುತ್ತಿದ್ದರು. ಜೂನ್ 27ಕ್ಕೆ ಮದರಾಸಿನಿಂದ ಸ್ಪೆಷಲ್ ಆಫೀಸರು ತಪಾಸಣೆಗೆ ಬರುವವರಿದ್ದರು. ಒಂದು ಮಗ್ಗ ಬಿಟ್ಟುಹೋಗಿದ್ದರೂ ಒಬ್ಬ ಗುಮಾಸ್ತನನ್ನು ಕೆಲಸದಿಂದ ಬಿಡಿಸುವುದಾಗಿ ಅವರು ಮೊದಲೇ ಬರೆದು ತಿಳಿಸಿದ್ದರು.

"ಸಾರ್, ಇದು ನೇಕಾರರದಲ್ಲ ಅಂತ ಕಾಣುತ್ತೆ," ಎಂದ ಸೇತುಮಾಧವ.

"ನಿಂಗೇನಯ್ಯ ಗೊತ್ತು? ನಮೂನೆ ಎಷ್ಟು ಚೆನ್ನಾಗೈತೆ ನೋಡು." ಬದರೀನಾಥರು ಪೆನ್ಸಿಲ್ ತೆಗೆದು, ಒಡೆಯನಿಲ್ಲದ ನಾಲ್ಕು ಅಂಕಣಗಳಿಗೂ ತಾವೇ ತಲೆಬರಹ ದಯಪಾಲಿಸತೊಡಗಿದರು. "ಮೇಸ್. 565. ಬಾಗಿಲು ನಂಬರು. 195. ತಿಂಗಳಿಗೆ ಅಷ್ಟು ಗಜ ನೇಯ್ತಾನೆ. 41. ಮನೆಯಲ್ಲಿರೋ ಜನ."

"ಒಂದೇ ಮನೇಲಿ ನಲವತ್ತೊಂದು ಜನವಾ ಸಾರ್?"

"ಕೂಡುಕುಟುಂಬ ಕಣಯ್ಯಾ. ಇಲ್ನೋಡು, ಈ ಕ್ಲುಸೆವ್ಸ್ಕಿ ಮನೇಲಿ ನಲವತ್ತೊಂಬತ್ತು. ಈ ಫಾಕ್ಸ್ ಪಾಪ, ಇಬ್ಬರೇ. ಗಂಡ ಹೆಂಡತಿ." ಅವರು ಕೊನೆಯ ಅಂಕಣಕ್ಕೆ ಬಂದು ಸ್ವಲ್ಪ ಹೊತ್ತು ತಲೆ ಕೆರೆದುಕೊಂಡರು. ಆಮೇಲೆ ಮುಖ ಅರಳಿತು. "ಪಾಯಿಂಟ್ 345, 342, 341. ಮಗ್ಗದಲ್ಲಿ ಪಾಲು! ಮೂರು ಜನ ಅಣ್ಣತಮ್ಮಂದಿರು ಒಂದು ಮಗ್ಗ ಪಾಲು ಮಾಡ್ಕೊಂಡವ್ರೆ. ದೊಡ್ಡೋನಿಗೆ ಚೂರು ಜಾಸ್ತಿ."

ಸೇತುಮಾಧವ ಕಡೆಯ ಪ್ರಯತ್ನ ಮಾಡಿದ. "ಮೂರೂ ಕೂಡಿದ್ರೆ ಒಂದಕ್ಕಿಂತ ಜಾಸ್ತಿ ಆಗುತ್ತೆ ಸಾರ್."

ಬದರೀನಾಥರು ಕೂಡಿದರು. ಒಂದು ಪಾಯಿಂಟ್ ಸೊನ್ನೆ ಎರಡು ಎಂಟು. "ಆಗದೇ ಏನು? ಅಣ್ಣತಮ್ಮಂದಿರ ಪಾಲು ಕೂಡಿ ಒಂದಕ್ಕೆ ಸರಿಯಾಗಿ ಬಂದಿದ್ದನ್ನ ನೀನು ಎಲ್ಲಾದ್ರೂ ನೋಡಿದೀಯಾ?"

ಆಮೇಲೆ ಅವರ ದನಿ ತಗ್ಗಿತು. ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. "ಕಾಗದ ನಮ್ಮ ಸರ್ಕಾರದ್ದು. ಅಕ್ಷರ ನೋಡಿದ್ಯಾ? ಮುತ್ತು. ಇದು ನೇಯೋ ಕೈ ಅಲ್ಲ, ಬರೆಯೋ ಕೈ. ನಮ್ಮೋನೇ ಯಾವನೋ ನೇಕಾರರ ಹತ್ರ ಲಂಚ ತಿಂದು ಬರ್ಕೊಟ್ಟವ್ನೆ. ಸ್ಪೆಷಲ್ ಆಫೀಸರ್ ಬರ್ಲಿ. ಆರು ಜನದ ಬರಹಾನೂ ಪಕ್ಕ ಪಕ್ಕ ಇಟ್ಟು ತೋರಿಸ್ತೀನಿ."

ಸೇತುಮಾಧವ ತೆರೆದ ಬಾಯಿ ಮುಚ್ಚಿದ. ಬದರೀನಾಥರು ಹಾಳೆಯ ಅಂಚಿಗೆ ಬರೆದರು: 'ಹತ್ತು ಹೆಸರು. ಊರು ನಮೂದಾಗಿಲ್ಲ. ಎಲ್ಲ ಫಿರ್ಕಾ, ಹೋಬಳಿಗಳಲ್ಲೂ ಪತ್ತೆ ಮಾಡಿ ವರದಿ ತರಿಸುವುದು.' ಎಲ್ಲ ಊರುಗಳಿಗೂ ಕಳಿಸಲು ನಕಲು ತೆಗೆಯುವ ಕೆಲಸ ಟಪಾಲು ಗುಮಾಸ್ತನದು.

ಅವನು ನಕಲು ತೆಗೆದ. ಅಕ್ಷರಗಳನ್ನೆಲ್ಲ ಎಡಕ್ಕೆ ವಾಲಿಸಿ, ಬೆನ್ನು ಮುರಿದು, ತನ್ನದಲ್ಲವೆಂದು ದೇವರೂ ನಂಬುವಂತೆ ಬರೆದ. ಮಧ್ಯಾಹ್ನ ಹೆಗಲ ಮೇಲಿಂದ ಬಗ್ಗಿ ನೋಡಿದ ಕೃಷ್ಣಸ್ವಾಮಿ, "ಏನ್ಲಾ ಇದು, ಕೈಗೆ ಪಾರ್ಶ್ವವಾಯು ಬಡೀತಾ?" ಎಂದ. ಆಮೇಲೆ, "ಅದಿರ್ಲಿ, ಹತ್ತು ಎಸರು ಒಪ್ಪಿಸ್ತೀನಿ ಅಂದಿದ್ಯಲ್ಲ? ಶುರು ಮಾಡು."

ಆ ಹತ್ತೂ ಹೆಸರು ಇಬ್ಬರ ಕಣ್ಣ ಮುಂದೆಯೇ ಮೇಜಿನ ಮೇಲಿದ್ದವು. ಮೊದಲ ಹೆಸರು ಬಾಯಿಂದ ಬಿದ್ದರೆ ಮುಗಿಯಿತು.

"ಮರ್ತೋಯ್ತು," ಎಂದ ಸೇತುಮಾಧವ.

"ಹತ್ತೂನಾ?"

"ಹತ್ತೂ. ಅಮೆರಿಕಾನೇ ಮರ್ತೋಯ್ತು."

ಆ ಸಂಜೆ ಮನೆಗೆ ಹೋದವನು ಮೊದಲು ಮಾಡಿದ ಕೆಲಸವೆಂದರೆ, ಕಡಲೆಬೇಳೆಯ ಪೊಟ್ಟಣದ ಹಾಳೆಯನ್ನು ಬಚ್ಚಲ ಒಲೆಗೆ ಹಾಕಿದ್ದು. ಅದು ಪೂರ್ತಿ ಉರಿದ ಮೇಲೆ, ತಾನು ನಿರಪರಾಧಿ ಎಂಬುದಕ್ಕೆ ಇದ್ದ ಒಂದೇ ಸಾಕ್ಷಿ ಅದಾಗಿತ್ತೆಂದು ಹೊಳೆಯಿತು. ಕಡ್ಡಿ ಹಾಕಿ ಬೂದಿ ಕೆದಕಿದ. ಬೂದಿ ಬೂದಿಯಾಗಿಯೇ ಇತ್ತು.

ಎರಡನೆಯ ಕೆಲಸ, ಹೊಸ ಅಕ್ಷರದ ಅಭ್ಯಾಸ. ಸ್ಪೆಷಲ್ ಆಫೀಸರು ಬರುವಷ್ಟರಲ್ಲಿ ಎಡಕ್ಕೆ ವಾಲುವುದು ಕೈಗೆ ರೂಢಿಯಾಗಿರಬೇಕು. ದಿನವೂ ಸಂಜೆ ಜಗಲಿಯಲ್ಲಿ ಕೂತು ಬರೆಯುತ್ತಿದ್ದ. ಬರೆಯಲು ಬೇರೆ ಮಾತು ಹೊಳೆಯದೆ ಆ ಹೆಸರುಗಳನ್ನೇ ಬರೆಯುತ್ತಿದ್ದ. ಊಟ ಅರ್ಧಕ್ಕೆ ಬಿಡುತ್ತಿದ್ದ. ಬೀದಿಯಲ್ಲಿ ಸೈಕಲ್ ಗಂಟೆ ಕೇಳಿದರೆ ಎದ್ದು ಒಳಗೆ ಹೋಗುತ್ತಿದ್ದ.

ಎದುರು ಮನೆಯ ಗೋದಾಬಾಯಿ ಇದನ್ನು ನಾಲ್ಕು ದಿನ ನೋಡಿದರು. ನಲವತ್ತು ವರ್ಷದಿಂದ ಆ ಬೀದಿಯ ಸಂಸಾರಗಳನ್ನು ತಮ್ಮ ಕಿಟಕಿಯಿಂದಲೇ ನಡೆಸಿಕೊಂಡು ಬಂದವರು. ಐದನೆಯ ದಿನ ರಮಾಮಣಿಯನ್ನು ಕರೆದರು.

"ನೋಡೇ, ಸೈಕಲ್ ಗಂಟೆ ಕೇಳಿದ್ರೆ ಒಳಗೆ ಓಡ್ತಾನೆ, ಊಟ ಸೇರ್ತಾ ಇಲ್ಲ, ಅಕ್ಷರ ಬದಲಾಯಿಸ್ತಾನೆ. ಮೂರೂ ಒಟ್ಟಿಗೆ ಸೇರಿದ್ರೆ ಒಂದೇ ಕಾಯಿಲೆ."

"ಏನು ಕಾಯಿಲೆ ಅಮ್ಮಾ?"

"ಇನ್ನೊಂದು ಮನೆಗೆ ಕಾಗದ ಬರೀತಾವ್ನೆ."

ರಮಾಮಣಿ ಬುದ್ಧಿವಂತೆ, ನಂಬಲಿಲ್ಲ. ಆದರೆ ನಂಬದಿರುವುದಕ್ಕೆ ಆಧಾರ ಬೇಕಲ್ಲ ಎಂದು ಜಗಲಿಯ ಮೂಲೆಯಲ್ಲಿದ್ದ ಹಾಳೆಗಳನ್ನು ಬಿಡಿಸಿ ನೋಡಿದಳು. ಗಂಡ ಮುಖ ತೊಳೆದು ಬಂದಾಗ ಅವಳು ಬಾಗಿಲಿಗೆ ಅಡ್ಡ ನಿಂತಿದ್ದಳು.

"ಅವಿಲಾ ಯಾರು?"

ಸೇತುಮಾಧವನ ಕೈಯಿಂದ ಟವೆಲ್ ಜಾರಿತು. "ಗಂಡಸು ಕಣೇ!"

"ಯಾವೂರು?"

"ಗೊತ್ತಿಲ್ಲ."

"ಏನು ಮಾಡ್ತಾನೆ?"

"ಹೊಡೀತಾನೆ... ಅಂದ್ರೆ, ಚೆನ್ನಾಗಿ ಹೊಡೀತಾನೆ."

"ಊರು ಗೊತ್ತಿಲ್ಲದ ಗಂಡಸಿನ ಹೆಸರನ್ನ ಒಂದು ಹಾಳೇಲಿ ನಲವತ್ತು ಸಲ ಬರೀತಾರಾ?" ರಮಾಮಣಿ ಇನ್ನೊಂದು ಹಾಳೆ ಮುಂದೆ ಹಿಡಿದಳು. "ಮೊದಲು ಆ ಮಿನೋಸೋ ಯಾರು, ಅದಾದ್ರೂ ಹೇಳ್ರೀ."

ಸೇತುಮಾಧವ ಹೊಸಿಲ ಮೇಲೆ ಕೂತು ಎಲ್ಲವನ್ನೂ ಹೇಳಿದ. ರಮಾಮಣಿ ಪೂರ್ತಿ ಕೇಳಿದಳು. ಎದುರು ಕಿಟಕಿಯಲ್ಲಿ ಗೋದಾಬಾಯಿಯವರೂ ಕೇಳಿದರು. ಅವರಿಗೆ ತುಸು ನಿರಾಶೆಯಾಯಿತು.

"ನಾಳೆ ಹೋಗಿ ನಿಜ ಹೇಳಿಬಿಡಿ," ಎಂದಳು ರಮಾಮಣಿ.

"ಆ ಪೇಪರ್ ತೋರಿಸು ಅಂತಾರೆ."

"ತೋರಿಸಿ."

"ಸುಟ್ಟಾಕ್ದೆ."

ರಮಾಮಣಿ ಹಾಳೆಗಳನ್ನು ಮಡಿಸಿ ಮೂಲೆಗಿಟ್ಟಳು. ಆಮೇಲೆ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಒಳಗೆ ಹೋದಳು. ಬೈದಿದ್ದರೆ ಅವನಿಗೆ ಇಷ್ಟು ಭಯವಾಗುತ್ತಿರಲಿಲ್ಲ.

ಜೂನ್ 18ರಿಂದ ವರದಿಗಳು ಬರತೊಡಗಿದವು. ಮೊದಲನೆಯದು ಕಡಯಂಪಟ್ಟಿಯದು: 'ಹತ್ತು ಜನರಲ್ಲಿ ಇಬ್ಬರು ಎಂಟು ವರ್ಷಗಳ ಹಿಂದೆ ಬೆಂಗಳೂರಿಗೆ ವಲಸೆ ಹೋಗಿದ್ದಾರೆ. ಬೆರ್ರಾ ಎಂಬಾತ ಕಳೆದ ಆಡಿ (ಆಷಾಢ) ತಿಂಗಳಲ್ಲಿ ತೀರಿಕೊಂಡ. ಉಳಿದವರು ಈ ಊರಿನವರಲ್ಲ.' ಸೇತುಮಾಧವ ಅದನ್ನು ಮೂರು ಸಲ ಓದಿದ. ತಾನು ಹುಟ್ಟಿಯೇ ಇರದ ಊರಿನಲ್ಲಿ ಒಬ್ಬ ಸತ್ತಿದ್ದ. ಇಪ್ಪತ್ತನೇ ತಾರೀಖು ಧರ್ಮಪುರಿಯಿಂದ: 'ಇಂಥವರು ಇಲ್ಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಎರಡು ದಿನ ವಿಚಾರಿಸಲಾಯಿತು.' ಅವನಿಗೆ ಸ್ವಲ್ಪ ಜೀವ ಬಂತು. ಉಳಿದ ಊರುಗಳಿಂದಲೂ ಇಲ್ಲವೆಂದೇ ಬಂತು. ಇನ್ನು ಒಂದೇ ವರದಿ ಬಾಕಿ. ಅದರಲ್ಲೂ ಇಲ್ಲವೆಂದು ಬಂದರೆ 'ಪತ್ತೆಯಾಗಲಿಲ್ಲ' ಎಂದು ಕಡತ ಮುಚ್ಚುತ್ತದೆ, ಬರಹ ಹೋಲಿಸುವ ಮಾತೂ ಮುಚ್ಚುತ್ತದೆ.

ಜೂನ್ 22, ಶುಕ್ರವಾರ, ಪಾಪಿರೆಡ್ಡಿಪಟ್ಟಿಯ ಫೀಲ್ಡ್ ಸೂಪರ್‌ವೈಸರ್ ಪೊನ್ನುಸ್ವಾಮಿಯ ವರದಿ ಬಂತು.

'ಮೇಲ್ಕಂಡ ಹತ್ತು ಮಂದಿಯನ್ನೂ ಖುದ್ದಾಗಿ ಕಂಡಿದ್ದೇನೆ. ಎಲ್ಲರೂ ನೇಕಾರರು. ಮಗ್ಗಗಳು ನಡೆಯುತ್ತಿವೆ. ಎಂಟು ಮಂದಿಯ ಎಡಗೈ ಹೆಬ್ಬೆಟ್ಟು ಪಡೆದು ಲಗತ್ತಿಸಿದ್ದೇನೆ. ಇಬ್ಬರು ಸಹಿ ಮಾಡಬಲ್ಲರು.'

ಕೆಳಗೆ ಎಂಟು ನೀಲಿ ಹೆಬ್ಬೆಟ್ಟುಗಳಿದ್ದವು. ಅವುಗಳನ್ನು ನೋಡಿದಾಗ ಸೇತುಮಾಧವನಿಗೆ ಹೆದರಿಕೆಯ ಹೊಸ ಬಾಗಿಲೊಂದು ತೆರೆಯಿತು. ಇಷ್ಟು ದಿನ ಅವನು ಸುಳ್ಳು ಹೆಸರು ಬರೆದವನಾಗಿದ್ದ. ಈಗ ಆ ಸುಳ್ಳಿಗೆ ಬೆರಳುಗಳೂ ಬಂದಿದ್ದವು.

"ನೋಡಿದ್ಯಾ!" ಬದರೀನಾಥರು ಮೇಜು ಕುಟ್ಟಿದರು. "ಮೊದಲ ದಿನವೇ ನಾನೇನಂದೆ? ಸ್ಪೆಷಲ್ ಆಫೀಸರನ್ನ ನೇರವಾಗಿ ಅಲ್ಲಿಗೇ ಕರ್ಕೊಂಡು ಹೋಗೋಣ. ನೀನೂ ಬಾ, ಹೆಸರು ಕೂಗೋಕೆ ಒಬ್ಬ ಬೇಕು."

ಜೂನ್ 27, ಬುಧವಾರ, ಬೆಳಗ್ಗೆ ಎಂಟು ಗಂಟೆಗೆ ಜೀಪು ಸೇಲಂ ಬಿಟ್ಟಿತು. ಮುಂದೆ ಸ್ಪೆಷಲ್ ಆಫೀಸರು: ಸಣ್ಣ ಆಳು, ಬಿಳಿ ಡ್ರಿಲ್ ಬಟ್ಟೆ, ದಾರಿಯುದ್ದಕ್ಕೂ ಒಂದು ಮಾತಿಲ್ಲ. ಹಿಂದೆ ಬದರೀನಾಥರು, ಸೇತುಮಾಧವ. ನಡುವೆ 412ನೇ ಕಡತ. ಮಂಜವಾಡಿ ಕಣಿವೆಯ ತಿರುವುಗಳಲ್ಲಿ ಜೀಪು ವಾಲಿದಾಗಲೆಲ್ಲ ಕಡತ ಸೇತುಮಾಧವನ ತೊಡೆಗೆ ಒರಗುತ್ತಿತ್ತು. ಪಕ್ಕದ ಪ್ರಪಾತವನ್ನು ಅವನು ಯಾವ ದ್ವೇಷವೂ ಇಲ್ಲದೆ ನೋಡಿದ.

ಪಾಪಿರೆಡ್ಡಿಪಟ್ಟಿಯ ಹೊರಗೆ ಒಂದೇ ಒಂದು ನೇಕಾರರ ಬೀದಿ. ಜೀಪು ನಿಂತಾಗ ಹತ್ತು ಜನ ಗಂಡಸರು ಸಾಲಾಗಿ, ಒಗೆದ ಪಂಚೆಯಲ್ಲಿ, ಕೈಕಟ್ಟಿ ನಿಂತಿದ್ದರು. ಸಾಲಿನ ತುದಿಯಲ್ಲಿ ಪೊನ್ನುಸ್ವಾಮಿ ಬೆವರುತ್ತಿದ್ದ. ಸೇತುಮಾಧವ ಅವನ ಮುಖ ನೋಡಿದ. ಅಲ್ಲೂ ತನ್ನದೇ ಭಯ ಕಂಡಿತು. ಪತ್ತೆಯಾಗಲಿಲ್ಲ ಎಂದು ಹಿಂದೆ ಒಮ್ಮೆ ಬರೆದದ್ದಕ್ಕೆ ಪೊನ್ನುಸ್ವಾಮಿಯ ಮೇಲೆ ಆಗಲೇ ಒಂದು ಎಚ್ಚರಿಕೆಯ ಜ್ಞಾಪನ ಇತ್ತು. ಇನ್ನೊಂದು ಬಂದರೆ ಅವನೂ ಮನೆಗೆ.

"ಕೂಗಿ," ಎಂದರು ಸ್ಪೆಷಲ್ ಆಫೀಸರು.

ಸೇತುಮಾಧವ ಕೂಗಿದ. ದನಿ ತನ್ನದೆನಿಸಲಿಲ್ಲ. "ಮೇಸ್!"

"ಇದೀನಿ ಸಾಮಿ."

"ಮ್ಯೂಸಿಯಲ್!"

"ಇಲ್ಲೇ ಇದೀನಿ."

"ಕ್ಲುಸೆವ್ಸ್ಕಿ!"

ಯಾರೂ ಮಾತಾಡಲಿಲ್ಲ. ಪೊನ್ನುಸ್ವಾಮಿ ಒಬ್ಬ ಮುದುಕನ ಬೆನ್ನಿಗೆ ಮೊಣಕೈ ತಿವಿದ. ಅವನು ಎಚ್ಚೆತ್ತು, "ಆಂ, ನಾನೇ, ನಾನೇ ಸಾಮಿ. ಎಸರು ಉದ್ದ ನೋಡಿ, ಕಿವಿಗೆ ಬರೋಕೆ ಒತ್ತಾಗುತ್ತೆ," ಎಂದ. ಬೀದಿಯ ಹಿರಿಯ ದಾಸಪ್ಪ ಅವನು.

ಸ್ಪೆಷಲ್ ಆಫೀಸರು ಪಟ್ಟಿ ನೋಡಿದರು. "ನಿಮ್ಮ ಮನೆಯಲ್ಲಿ ನಲವತ್ತೊಂಬತ್ತು ಜನ ಅಂತಿದೆ. ಎಲ್ಲಿ?"

ದಾಸಪ್ಪ ಪೊನ್ನುಸ್ವಾಮಿಯನ್ನು ನೋಡಿದ. ಪೊನ್ನುಸ್ವಾಮಿ ಆಕಾಶ ನೋಡಿದ. ಬಾಗಿಲಲ್ಲಿ ನೂಲು ಸುತ್ತುತ್ತಿದ್ದ ದಾಸಪ್ಪನ ಹೆಂಡತಿ ಪೂಂಗೊಡಿ ರಾಟೆ ನಿಲ್ಲಿಸದೆಯೇ ಹೇಳಿದಳು: "ಮಾವಿನ ತೋಪಿಗೆ ಓಗವ್ರೆ ಸಾಮಿ, ಕಾಯಿ ಕೀಳೋಕೆ. ಎಲ್ರೂ ವಾಪಸ್ ಬಂದ್ರೆ ನಿಮ್ಗೆ ನಿಲ್ಲೋಕೂ ಜಾಗ ಇರಲ್ಲ. ಬೇಗ ಬರ್ಕೊಂಡು ಓಗಿ."

"ಫಾಕ್ಸ್. ಮನೆಯಲ್ಲಿ ಇಬ್ಬರು."

ಫಾಕ್ಸ್ ಆಗಿದ್ದವನ ಮನೆಯ ಬಾಗಿಲು ತೆರೆಯಿತು. ಒಬ್ಬರ ಹಿಂದೆ ಒಬ್ಬರಂತೆ ಒಂಬತ್ತು ಮಕ್ಕಳು ಜೀಪು ನೋಡಲು ಓಡಿಬಂದರು. ಸ್ಪೆಷಲ್ ಆಫೀಸರು ಎಣಿಸಿದರು. ಬದರೀನಾಥರೂ ಎಣಿಸಿದರು.

"ಇಬ್ಬರು ಅಂತಿದೆಯಲ್ಲ?"

"ಗಣತಿ ಆದ್ಮೇಲೆ ಉಟ್ಟಿದ್ದು ಸಾರ್," ಎಂದ ಪೊನ್ನುಸ್ವಾಮಿ.

ಸ್ಪೆಷಲ್ ಆಫೀಸರು ಮಗ್ಗ ನೋಡಲು ಒಳಗೆ ಹೋದರು. ಬದರೀನಾಥರು ಹಿಂಬಾಲಿಸಿದರು. ಬೀದಿಯಲ್ಲಿ ಉಳಿದ ಸೇತುಮಾಧವ ದಾಸಪ್ಪನ ತೋಳು ಹಿಡಿದ.

"ಯಜಮಾನ್ರೇ, ಯಾಕೆ ಹಿಂಗೆ ಮಾಡಿದ್ರಿ? ಬೇರೆಯೋರ ಹೆಸರಿಗೆ ಹೆಬ್ಬೆಟ್ಟು ಒತ್ತಿದ್ರೆ ಜೈಲು ಗೊತ್ತಾ? ನಿಮಗೂ, ನನಗೂ!"

ದಾಸಪ್ಪ ಅವನನ್ನು ಕನಿಕರದಿಂದ ನೋಡಿದ. "ನಾಕು ಸಲ ಅರ್ಜಿ ಆಕಿದ್ವಿ ಸಾಮಿ. ನಮ್ಮ ಎಸರು, ನಮ್ಮ ಊರು, ಎಲ್ಲಾ ಬರ್ದು. ಯಾವನೂ ಬರ್ಲಿಲ್ಲ. ಈಗ ಯಾರ್ದೋ ಎಸರಿಗೆ ಜೀಪೇ ಬಂದೈತೆ. ಆ ಕ್ಲುಸ್ಕಿ ಯಾರೋ ಏನೋ, ಒಳ್ಳೆ ಮನುಷ್ಯ ಇರಬೇಕು. ನಂಗೆ ಎಸರು ಯಾವುದಾದ್ರೇನು, ಮಗ್ಗ ನಂದೇ ತಾನೆ? ನೂಲು ಬಂದ್ರೆ ಸಾಕು, ಬುಡಿ."

ಸೇತುಮಾಧವನಿಗೆ ಆ ನಾಲ್ಕು ಅರ್ಜಿಗಳ ನೆನಪಾಯಿತು. ಅವು ಅವನ ಮೇಜಿನ ಮೇಲೆಯೇ ಬಂದಿದ್ದವು. ಹೆಸರು, ಊರು, ಹೆಬ್ಬೆಟ್ಟು ಎಲ್ಲವೂ ಇದ್ದವು; ಅಂಕಣಗಳಿರಲಿಲ್ಲ. 'ನಮೂನೆಯಲ್ಲಿಲ್ಲ' ಎಂಬ ಷರಾದೊಂದಿಗೆ ನಾಲ್ಕನ್ನೂ ಕಪಾಟಿಗೆ ಸೇರಿಸಿದ್ದರು. ಸೇರಿಸಿದವನು ಅವನೇ.

ಜೀಪಿನ ಕಡೆಯಿಂದ ಕರೆ ಬಂತು. ಹತ್ತು ಮಗ್ಗಗಳನ್ನೂ ಕಣ್ಣಾರೆ ನೋಡಿ, ಹಲಗೆ ಮುಟ್ಟಿ, ಲಾಳಿ ಎಸೆದು ನೋಡಿ ಸ್ಪೆಷಲ್ ಆಫೀಸರು ಹೊರಗೆ ಬಂದಿದ್ದರು. ಜೀಪಿನ ಬಾನೆಟ್ಟಿನ ಮೇಲೆ ಬಿಳಿ ಹಾಳೆ ಹರಡಿ ಸೇತುಮಾಧವನಿಗೆ ಹೇಳಿದರು: "ಬರೀರಿ. ನಾನು ಹೇಳ್ತೀನಿ."

ಅವರು ಹೇಳುವ ವೇಗಕ್ಕೆ ಎಡಕ್ಕೆ ವಾಲಿಸಲು ಪುರುಸೊತ್ತಿರಲಿಲ್ಲ. ಹದಿನಾರು ದಿನದ ಅಭ್ಯಾಸವೆಲ್ಲ ಮರೆತುಹೋಗಿ ಕೈ ತನ್ನಷ್ಟಕ್ಕೆ ತನ್ನ ಹಳೆಯ ದಾರಿ ಹಿಡಿಯಿತು. ಒಂದೂವರೆ ಪುಟ ಮುಗಿದ ಮೇಲೆಯೇ ಸೇತುಮಾಧವ ಹಾಳೆ ನೋಡಿದ್ದು. ಸಾಲು ಸಾಲು ಮುತ್ತು.

ಸ್ಪೆಷಲ್ ಆಫೀಸರು ಆ ಹಾಳೆ ಎತ್ತಿಕೊಂಡರು. ಇನ್ನೊಂದು ಕೈಯಲ್ಲಿ ಕಡತದೊಳಗಿನ ಮೊದಲ ಹಾಳೆ ಎತ್ತಿಕೊಂಡರು. ಎರಡನ್ನೂ ನೋಡಿದರು. "ಈ ಅಕ್ಷರ ಎಲ್ಲೋ ನೋಡಿದ ಹಾಗಿದೆಯಲ್ಲ ಮಿಸ್ಟರ್ ಬದರೀನಾಥ್?"

ಬದರೀನಾಥರು ಕನ್ನಡಕ ಏರಿಸಿದರು. ಎಡಗಡೆಯ ಹಾಳೆ ನೋಡಿದರು, ಬಲಗಡೆಯ ಹಾಳೆ ನೋಡಿದರು, ಸೇತುಮಾಧವನನ್ನು ನೋಡಿದರು. ಅವರಿಗೆ ಎಲ್ಲವೂ ತಿಳಿಯಿತು. ಹಿಂದೆಯೇ ಇನ್ನೊಂದೂ ತಿಳಿಯಿತು: ಆ ಹಾಳೆಯ ಅಂಕಣಗಳ ಮೇಲಿದ್ದ ಪೆನ್ಸಿಲ್ ಬರಹ, ಬಾಗಿಲು ನಂಬರಿನಿಂದ ಮಗ್ಗದ ಪಾಲಿನವರೆಗೆ, ತಮ್ಮದು. ಅವರ ಹಣೆಯಲ್ಲಿ ಬೆವರಿನ ಹನಿಗಳು ಮೂಡಿದವು.

"ನಮ್ಮ ಕಚೇರಿಲಿ ಎಲ್ಲರ ಅಕ್ಷರಾನೂ ಹೀಗೇ ಸಾರ್," ಎಂದರು. "ನಾನೇ ತಿದ್ದಿಸಿದ್ದು."

ಪೊನ್ನುಸ್ವಾಮಿ ಕಣ್ಣು ಮುಚ್ಚಿದ್ದ. ಸೇತುಮಾಧವ ಮುಚ್ಚಲು ಮರೆತಿದ್ದ.

"ವೆರಿ ಗುಡ್," ಎಂದರು ಸ್ಪೆಷಲ್ ಆಫೀಸರು. "ಬಿಟ್ಟುಹೋದ ಹತ್ತು ಮಗ್ಗ ಹುಡುಕಿ ತೆಗೆದ ಕಚೇರಿಯನ್ನ ನಾನು ಇದೇ ಮೊದಲು ನೋಡ್ತಿರೋದು." ಜೀಪು ಹತ್ತಿ ಕೂತರು. ಸೇಲಂ ತಲುಪುವವರೆಗೆ ಬದರೀನಾಥರೂ ಸೇತುಮಾಧವನೂ ಒಬ್ಬರನ್ನೊಬ್ಬರು ನೋಡಲಿಲ್ಲ.

ಜುಲೈ 2, ಸೋಮವಾರ, ಖಾಯಂ ಆದ ನಾಲ್ವರ ಪಟ್ಟಿ ಬಂತು. ಸೇತುಮಾಧವನ ಹೆಸರು ಮೂರನೆಯದು. ಕೃಷ್ಣಸ್ವಾಮಿಯದು ನಾಲ್ಕನೆಯದು. ರಮಾಮಣಿ ಪಾಯಸ ಮಾಡಿದಳು. ಗೋದಾಬಾಯಿ ಎರಡು ಲೋಟ ಕುಡಿದು, ಅವಿಲಾ ಎಂಬುದು ಗಂಡಸಿನ ಹೆಸರೆಂದು ತಮಗೆ ಈಗಲೂ ಖಾತ್ರಿಯಿಲ್ಲವೆಂದು ಹೇಳಿಹೋದರು. ತಿಂಗಳ ಕೊನೆಗೆ ಪಾಪಿರೆಡ್ಡಿಪಟ್ಟಿಗೆ ಹತ್ತು ಕಟ್ಟು ನೂಲು ಹೋಯಿತು.

ಆಗಸ್ಟ್ 6ರಂದು ಅದೇ ಬೀದಿಯಿಂದ ಒಂದು ಅರ್ಜಿ ಬಂತು. ಬರೆಸಿದವಳು ಚಿನ್ನತಾಯಿ ಎಂಬ ವಿಧವೆ. ಬೀದಿಯ ಹನ್ನೊಂದನೆಯ ಮಗ್ಗ ಅವಳದು. ಹತ್ತೇ ಹೆಸರಿದ್ದುದರಿಂದ ಅವಳ ಸರದಿ ಬಂದಿರಲಿಲ್ಲ. ಅರ್ಜಿಯಲ್ಲಿ ಅಂಕಣಗಳಿರಲಿಲ್ಲ. ಸೇತುಮಾಧವ ತಾನೇ ಅಡ್ಡಗೆರೆ, ಉದ್ದಗೆರೆ ಎಳೆದ. ಮರುದಿನ ಬಸ್ಸು ಹತ್ತಿ ಹೋಗಿ, ಮಗ್ಗ ನೋಡಿ, ಅದನ್ನು ಚಿನ್ನತಾಯಿಯ ಹೆಸರಿನಲ್ಲೇ ಬರೆದುಕೊಂಡು ಬಂದ. ಬದರೀನಾಥರು ಓದದೆ ಸಹಿ ಹಾಕಿದರು.

ಆಗಸ್ಟ್ 20ರಂದು ಚಿನ್ನತಾಯಿಯ ಎರಡನೆಯ ಅರ್ಜಿ ಬಂತು. ಬೀದಿಯ ಉಳಿದ ಹತ್ತು ಮನೆಗಳಿಗೂ ಸರ್ಕಾರದವರು ಹೊಸ ಹೆಸರು ಕೊಟ್ಟಿದ್ದಾರೆ, ತಾನು ಗಂಡನಿಲ್ಲದವಳೆಂದು ತನಗೊಬ್ಬಳಿಗೆ ಮಾತ್ರ ಹಳೆಯ ಹೆಸರನ್ನೇ ಹಾಕಿ ಅನ್ಯಾಯ ಮಾಡಿದ್ದಾರೆ, ತನಗೂ ಒಂದು ಕೊಡಿಸಬೇಕು ಎಂದು ಅದರಲ್ಲಿತ್ತು.